ಚಳಿಗಾಲದ ಮೊಸರಿಗೆ ಹಾಟ್‌ಬಾಕ್ಸೋ, ಮಣ್ಣಿನ ಕುಡಿಕೆಯೋ?

ಚಳಿಯಲ್ಲಿ ಮೊಸರಾಗದಿದ್ದರೆ ತಪ್ಪು ಹೆಪ್ಪಿನದಲ್ಲ, ಹಾಲು ಬೇಗ ಆರಿಹೋಗುವುದರದ್ದು. ಹಾಗಾಗಿ ಹಾಟ್‌ಬಾಕ್ಸೇ ಮೇಲು. ಅದಕ್ಕೆ ಬಿಸಿನೀರು ಸುರಿದು 5 ನಿಮಿಷ ಬಿಟ್ಟು ಚೆಲ್ಲಿ. ಕಾಯಿಸಿ 45 ಡಿಗ್ರಿಗೆ ಆರಿಸಿದ 1 ಲೀಟರ್ ಹಾಲಿಗೆ 2 ಚಮಚ ಹೆಪ್ಪು ಕದಡಿ ಮುಚ್ಚಿದರೆ 6–7 ಗಂಟೆಯಲ್ಲಿ ಮೊಸರು ಸಿದ್ಧ. ಬೆರಳಿಗೆ ಬೆಚ್ಚಗಿರಬೇಕು, ಸುಡಬಾರದು. ತೀರಾ ಬಿಸಿಯಾದರೆ ಹೆಪ್ಪು ಸಾಯುತ್ತದೆ. ಕಾಲು ಲೀಟರ್ ಹಾಲಿಗೆ ದೊಡ್ಡ ಡಬ್ಬಿ ಬೇಡ, ಬೇಗ ತಣಿಯುತ್ತದೆ. ಮೊಸರಾದ ಮೇಲೂ ಅದರಲ್ಲೇ ಬಿಟ್ಟರೆ ಹುಳಿ ಗ್ಯಾರಂಟಿ.

ಕುಡಿಕೆಯ ಮೊಸರು ಗಟ್ಟಿ, ಮಣ್ಣು ನೀರು ಹೀರುತ್ತದಲ್ಲ. ಆದರೆ ಅದೇ ತೇವ ಆವಿಯಾಗುತ್ತಾ ಕುಡಿಕೆಯನ್ನು ತಣ್ಣಗಾಗಿಸುತ್ತದೆ. ದಪ್ಪ ಟವೆಲ್ ಸುತ್ತಿ ಬೆಚ್ಚನೆಯ ಮೂಲೆಯಲ್ಲಿ 10–12 ಗಂಟೆ ಇಡಬೇಕು. ಅವಸರದವರಿಗಲ್ಲ. ಸೋಪು ಹಾಕಿ ತೊಳೆದರೆ ಅದರ ವಾಸನೆ ಮುಂದಿನ ಮೊಸರಿಗೂ ಹತ್ತುತ್ತದೆ.