ಎಮ್ಮೆಕೆರೆ ಈಜುಕೊಳ: ಕಟ್ಟಿದ್ದಾಯಿತು, ಕಾಪಾಡುವವರು ಯಾರು?

ಮಗಳನ್ನು ಈಜು ಸ್ಪರ್ಧೆಗೆ ತಯಾರು ಮಾಡುತ್ತಿರುವ ತಾಯಿಯಾಗಿ ಹೇಳುತ್ತೇನೆ, ಮಂಗಳೂರಿಗೆ ಎಮ್ಮೆಕೆರೆಯಂಥ ಕೊಳ ಎಂದೋ ಬೇಕಾಗಿತ್ತು. 50 ಮೀಟರಿನ ಮುಖ್ಯ ಕೊಳ, ಅಭ್ಯಾಸಕ್ಕೆ ಇನ್ನೊಂದು, ಪುಟ್ಟ ಮಕ್ಕಳಿಗೆ ಮತ್ತೊಂದು. 2023ರ ನವೆಂಬರಿನಲ್ಲಿ ಬಾಗಿಲು ತೆರೆದಾಗಲೇ ರಾಷ್ಟ್ರೀಯ ಮಾಸ್ಟರ್ಸ್ ಈಜು ಸ್ಪರ್ಧೆ ಇಲ್ಲಿ ನಡೆಯಿತು.

50 ಮೀಟರಿನ ಬೆಲೆ ಸ್ಪರ್ಧೆಗಿಳಿಯುವ ಮಕ್ಕಳಿಗೇ ಗೊತ್ತು. 25 ಮೀಟರಿನ ಕೊಳದಲ್ಲಿ ನೂರು ಮೀಟರ್ ಮುಗಿಸಲು ಮೂರು ಸಲ ತಿರುಗಬೇಕು. ಪ್ರತಿ ಸಲವೂ ಗೋಡೆ ಒದ್ದ ರಭಸಕ್ಕೆ ಒಂದಿಷ್ಟು ದೂರ ಪುಕ್ಕಟೆಯಾಗಿ ಸಿಗುತ್ತದೆ. ಇಲ್ಲಿ ಒಂದೇ ತಿರುವು, ಉಳಿದದ್ದೆಲ್ಲ ತೋಳಿನ ದುಡಿಮೆ. ಮೊದಮೊದಲು ಅರ್ಧ ದಾಟುತ್ತಲೇ ಮಗಳ ಮೊಣಕೈ ಜಗ್ಗುತ್ತಿತ್ತು. ಮೂರು ಬೀಸಿಗೊಮ್ಮೆ ಎಳೆಯುತ್ತಿದ್ದ ಉಸಿರು ಎರಡಕ್ಕೊಮ್ಮೆ ಬೇಕಾಗುತ್ತಿತ್ತು. ಈಗ ಗೋಡೆ ಮುಟ್ಟುವವರೆಗೂ ಹದ ತಪ್ಪುವುದಿಲ್ಲ. ಆಗಷ್ಟೇ ಕಲಿಯುತ್ತಿರುವ ಮಕ್ಕಳನ್ನು ಮಾತ್ರ ದೊಡ್ಡ ಕೊಳಕ್ಕೆ ಅವಸರದಿಂದ ಇಳಿಸಬೇಡಿ.

ಕಟ್ಟಲು ಸುಮಾರು 25 ಕೋಟಿ ರೂಪಾಯಿ ತಗುಲಿತು. ಚರಂಡಿ, ಕಸ, ಕುಡಿಯುವ ನೀರು ಎಲ್ಲ ಮುಗಿದು ಪಾಲಿಕೆಯ ಬಜೆಟ್ಟಿನಲ್ಲಿ ಈಜುಕೊಳಕ್ಕೆ ಸರದಿ ಬರುತ್ತಿತ್ತೆಂಬ ನಂಬಿಕೆ ನನಗಿಲ್ಲ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ನಗರದ ಒಂದು ಭಾಗಕ್ಕೆ ಗಡಿ ಗುರುತಿಸಿ, ಅದಕ್ಕೆಂದೇ ಕಂಪನಿ ಮಾಡಿ, ಕೇಂದ್ರ, ರಾಜ್ಯಗಳ ಹಣ ತೊಡಗಿಸಿದರು. ಈ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಹತ್ತು ಕಡೆ ಚೂರುಚೂರಾಗಿ ಹಂಚಿದ್ದರೆ ಆ ಹಣ ಎಲ್ಲಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಆದರೆ ಆ ಯೋಜನೆ 2025ರ ಮಾರ್ಚ್‌ಗೆ ಮುಗಿದಿದೆ. ಪಂಪು ನಿತ್ಯ ಓಡಬೇಕು, ನೀರು ಸೋಸಬೇಕು, ಕ್ಲೋರಿನ್ ಹದ ನೋಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಎಲ್ಲವನ್ನೂ ಈಜುವವರ ಶುಲ್ಕದಿಂದಲೇ ಎತ್ತಹೊರಟರೆ ಬಂದರಿನ, ಬೋಳಾರದ ಬಡಮಕ್ಕಳು ಗೇಟಿನ ಹೊರಗೇ ಉಳಿಯುತ್ತಾರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಗೆ 2013ರಿಂದ ತನ್ನದೇ ಟೌನ್‌ಶಿಪ್ ಪ್ರಾಧಿಕಾರವಿದೆ. ಅಲ್ಲಿನ ಆಸ್ತಿ ತೆರಿಗೆಯ ಬಹುಪಾಲು ಅಲ್ಲಿನ ರಸ್ತೆ, ದೀಪಗಳಿಗೇ ಹೋಗುತ್ತದೆ. ನಮಗೆ ಪ್ರಾಧಿಕಾರವೇ ಆಗಬೇಕೆಂದಿಲ್ಲ. ಹಂಪನಕಟ್ಟೆ, ಬಂದರು, ಪಾಂಡೇಶ್ವರದ ವಾಣಿಜ್ಯ ಕಟ್ಟಡಗಳ ತೆರಿಗೆಯಲ್ಲಿ ಒಂದು ಪಾಲನ್ನು ಈ ಪ್ರದೇಶದ ನಿರ್ವಹಣೆಗೆಂದೇ ಬೇರೆ ಖಾತೆಯಲ್ಲಿಡಲಿ, ಖರ್ಚಿನ ಲೆಕ್ಕವನ್ನು ಕೊಳದ ಗೇಟಿನಲ್ಲೇ ಅಂಟಿಸಲಿ. ಹಂಪನಕಟ್ಟೆಯಲ್ಲಿ ನಮ್ಮದೂ ಒಂದು ಅಂಗಡಿಯಿದೆ. ಅದಕ್ಕಾಗಿ ತೆರಿಗೆ ಸ್ವಲ್ಪ ಹೆಚ್ಚಾದರೂ ಕಟ್ಟಲು ನಾನೂ ನನ್ನ ಯಜಮಾನರೂ ಸಿದ್ಧ.