ಹೋಸ್ಟಿಂಗ್‌ಗೆ ಸೆಟಪ್ ಫೀ ಕಟ್ಟುವ ಮುಂಚೆ ಇದನ್ನು ಓದಿ

ತಾಳಗುಪ್ಪದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಜೋಗ ನೋಡಲು ಬರುವವರೇ ನಮ್ಮ ಗಿರಾಕಿಗಳು. ಮಳೆಗಾಲದ ಎರಡು ಮೂರು ತಿಂಗಳ ದುಡಿಮೆಯಲ್ಲೇ ವರ್ಷ ಸಾಗಬೇಕು. ಈ ಜುಲೈನಲ್ಲಿ, ಅದೇ ಸಮಯಕ್ಕೆ, ನಮ್ಮ ವೆಬ್‌ಸೈಟ್ ನಾಲ್ಕು ದಿನ ಬಂದ್ ಆಗಿತ್ತು.

ಹೋದ ವರ್ಷ ಜುಲೈನಲ್ಲಿ ಶಿವಮೊಗ್ಗದ ಒಂದು ಹೋಸ್ಟಿಂಗ್ ಕಂಪನಿಗೆ ಹೋಗಿದ್ದೆ. ಹೋಸ್ಟಿಂಗ್ ಅಂದರೆ ನಮ್ಮ ಸೈಟನ್ನು ಸದಾ ಇಂಟರ್ನೆಟ್‌ನಲ್ಲಿರುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ, ಬಾಡಿಗೆಗೆ ಇಡುವುದು. ವರ್ಷಕ್ಕೆ 2,400 ರೂಪಾಯಿ ಅಂದರು, ಒಪ್ಪಿಕೊಂಡೆ. ಬಿಲ್ ಕೈಗೆ ಬಂದಾಗ ಕೆಳಗೆ ಇನ್ನೊಂದು ಸಾಲಿತ್ತು: ಸೆಟಪ್ ಫೀ 3,500. ಶೇ. 18 ಜಿಎಸ್‌ಟಿ ಸೇರಿ ಒಟ್ಟು 6,962 ರೂಪಾಯಿ. 'ಇದು ಯಾವುದಕ್ಕೆ?' ಅಂತ ಕೇಳಿದೆ. 'ಸರ್ವರ್ ರೆಡಿ ಮಾಡೋಕೆ ಸರ್, ಒಂದೇ ಸಲ ಕಟ್ಟೋದು' ಅಂದರು. ನಮಗೆ ಗೊತ್ತಿಲ್ಲದ ಕೆಲಸ, ಇರಬಹುದು ಅಂದುಕೊಂಡು ಕಟ್ಟಿದೆ.

ಈ ವರ್ಷ ಹಣ ಕಟ್ಟಬೇಕಾದ ವಾರ ಜೋರು ಮಳೆ. ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಕಂಪನಿಯಿಂದ ಬಂದ ಮೇಲ್ ನೋಡುವಷ್ಟರಲ್ಲಿ ಸೈಟ್ ನಿಂತಿತ್ತು. ಫೋನ್ ಮಾಡಿದರೆ, 'ಅಕೌಂಟ್ ಕ್ಲೋಸ್ ಆಗಿದೆ ಸರ್. ಹೊಸ ಅಕೌಂಟ್ ಅಂತಲೇ ಲೆಕ್ಕ. ಸೆಟಪ್ ಫೀ ಮತ್ತೆ ಕಟ್ಟಬೇಕು' ಅಂದರು. ಶನಿವಾರ, ಭಾನುವಾರದ ಬುಕಿಂಗ್ ಕೈ ತಪ್ಪುತ್ತಿತ್ತು. ಜಗಳ ಆಡುವಷ್ಟು ಹೊತ್ತಿರಲಿಲ್ಲ. ಪೂರ್ತಿ ಕಟ್ಟಿದೆ.

ಹಣ ಹೋದದ್ದು 11 ಗಂಟೆ 42 ನಿಮಿಷಕ್ಕೆ. 'ನಿಮ್ಮ ಅಕೌಂಟ್ ಸಿದ್ಧವಾಗಿದೆ' ಅನ್ನುವ ಮೇಲ್ ಬಂದದ್ದು 11 ಗಂಟೆ 44ಕ್ಕೆ. ಸೈಟ್ ತೆರೆದು ನೋಡಿದೆ. ಹಳೆಯ ಫೋಟೋಗಳೆಲ್ಲ ಹಾಗೇ ಇದ್ದವು. ಜಗುಲಿಯ ಫೋಟೋದ ಕೆಳಗೆ ನಾನು ತಪ್ಪಾಗಿ ಟೈಪ್ ಮಾಡಿದ್ದ ರೂಮಿನ ದರ ಕೂಡ ಅಲ್ಲೇ ಇತ್ತು. ಹಾಗಾದರೆ ಹೊಸದಾಗಿ ಸೆಟಪ್ ಮಾಡಿದ್ದು ಏನು?

ಅಕ್ಕನ ಮಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾನೆ. ಅವನು ಹೇಳಿದ: 'ಮಾವ, ಅವರು ಏನೂ ಅಳಿಸಿರಲಿಲ್ಲ. ಸಸ್ಪೆಂಡ್ ಮಾಡಿದ್ದರು ಅಷ್ಟೇ. ಅದನ್ನು ತೆಗೆಯೋದಕ್ಕೆ ಒಂದು ಕ್ಲಿಕ್ ಸಾಕು.' ನಮ್ಮಂಥವರು ತೆಗೆದುಕೊಳ್ಳುವುದು ಶೇರ್ಡ್ ಹೋಸ್ಟಿಂಗ್. ಒಂದೇ ಸರ್ವರಿನಲ್ಲಿ ನೂರಾರು ಸೈಟುಗಳಿರುತ್ತವೆ. ಹೊಸ ಅಕೌಂಟ್ ತೆರೆಯುವುದು ಸಿಪ್ಯಾನೆಲ್‌ನಂಥ ಸಾಫ್ಟ್‌ವೇರ್. ಹಣ ಬಂದ ಕೂಡಲೇ ಅದು ತಾನಾಗಿಯೇ ಆಗುತ್ತದೆ, ಯಾರೂ ಕುರ್ಚಿಯಿಂದ ಏಳಬೇಕಾಗಿಲ್ಲ.

ಸೆಟಪ್ ಫೀ ಅಂದರೆ ಯಾವಾಗಲೂ ಮೋಸ ಅಂತ ನಾನು ಹೇಳುತ್ತಿಲ್ಲ. ಡೆಡಿಕೇಟೆಡ್ ಸರ್ವರ್ ತೆಗೆದುಕೊಂಡರೆ ಒಂದು ಇಡೀ ಮೆಷಿನ್ ನಮಗಾಗಿಯೇ ಇರುತ್ತದೆ. ಯಾರೋ ಅದನ್ನು ಕೂರಿಸಿ, ವೈರ್ ಜೋಡಿಸಿ, ಪರೀಕ್ಷೆ ಮಾಡಬೇಕು. ಹಳೆಯ ಸೈಟನ್ನು ಮೇಲ್‌ಗಳ ಸಮೇತ ಬೇರೆ ಕಡೆಯಿಂದ ತಂದು ಕೊಡುವುದಕ್ಕೂ ಮನುಷ್ಯರ ಶ್ರಮ ಬೇಕು. ಅಡಿಕೆ ಸುಲಿದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ ಕೊಡುತ್ತೇವೆ ಅಲ್ವಾ? ಹಾಗೆ ಮಾಡಿದ ಕೆಲಸಕ್ಕೆ ದುಡ್ಡು ಕೇಳಲಿ, ಖಂಡಿತ ಕೊಡೋಣ. ಮಾಡದ ಕೆಲಸಕ್ಕೆ ಎರಡು ಸಲ ವಸೂಲಿ ಮಾಡುವುದು ತಪ್ಪು. ನನಗೆ ಅನ್ನಿಸುವುದು, ಈ ಫೀ ಇರುವುದೇ ನಮ್ಮನ್ನು ಕಟ್ಟಿಹಾಕಲು. ಅಷ್ಟು ದುಡ್ಡು ಸುರಿದ ಮೇಲೆ ಬಿಟ್ಟು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ.

ಬಿಡಲು ಹೊರಟಾಗ ಇನ್ನೊಂದು ಪೆಟ್ಟು. ಡೊಮೇನ್, ಅಂದರೆ ಸೈಟಿನ ವಿಳಾಸ, ನಮ್ಮ ಹೆಸರಿನಲ್ಲಿ ಇರಲೇ ಇಲ್ಲ, ಕಂಪನಿಯ ಹೆಸರಿನಲ್ಲಿತ್ತು. ಬೋರ್ಡಿನಲ್ಲಿ, ಕಾರ್ಡಿನಲ್ಲಿ, ಪ್ಯಾಂಪ್ಲೆಟ್‌ನಲ್ಲಿ ಎಲ್ಲ ಕಡೆ ಅಚ್ಚು ಹಾಕಿಸಿದ ವಿಳಾಸ ಅದು. ವರ್ಗಾವಣೆಗೆ ಬೇಕಾದ ಕೋಡ್ ಪಡೆಯಲು ಹನ್ನೊಂದು ದಿನ ಅಲೆದಾಡಿದೆ. ಡೊಮೇನ್ ಬೇರೆ, ಹೋಸ್ಟಿಂಗ್ ಬೇರೆ. ಎರಡನ್ನೂ ಒಂದೇ ಕಡೆ ಕೊಳ್ಳಬೇಕು ಅಂತ ಏನಿಲ್ಲ. ಡೊಮೇನ್ ನಿಮ್ಮ ಹೆಸರು, ನಿಮ್ಮ ಮೇಲ್ ಐಡಿಯಲ್ಲೇ ಇರಲಿ. ಆಗ ಹೋಸ್ಟಿಂಗ್ ಬದಲಿಸಲು ಸೈಟನ್ನು ಹೊಸ ಕಡೆ ಹಾಕಿ, ನೇಮ್‌ಸರ್ವರ್ (ಈ ವಿಳಾಸದ ಸೈಟ್ ಯಾವ ಸರ್ವರಿನಲ್ಲಿದೆ ಅಂತ ತೋರಿಸುವ ವ್ಯವಸ್ಥೆ) ಬದಲಿಸಿದರೆ ಸಾಕು, ಒಂದೆರಡು ದಿನದಲ್ಲಿ ಎಲ್ಲ ಕಡೆ ಸರಿಹೋಗುತ್ತದೆ. ಸೈಟಿನ ಬ್ಯಾಕಪ್ ಒಂದನ್ನು ತಿಂಗಳಿಗೊಮ್ಮೆ ಮನೆಯಲ್ಲೇ ಇಳಿಸಿಟ್ಟುಕೊಳ್ಳಿ.

ಎಸ್‌ಎಸ್‌ಎಲ್ (ಸೈಟಿನ ಸಂಪರ್ಕ ಸುರಕ್ಷಿತವಾಗಿರಲು ಬೇಕಾದ ಪ್ರಮಾಣಪತ್ರ) ಸೆಟಪ್ ಅಂತ ಬೇರೆ ದುಡ್ಡು ಕೇಳಿದರೂ ತಡೆದು ಕೇಳಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2015ರ ಕೊನೆಯಿಂದಲೇ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ.

ಸೆಟಪ್ ಫೀ ಅಂದ ಕೂಡಲೇ ಯಾವ ಕೆಲಸಕ್ಕೆ, ಎಷ್ಟು ಹೊತ್ತಿನ ಕೆಲಸ, ತಡವಾದರೆ ಮತ್ತೆ ಕಟ್ಟಬೇಕಾ ಅಂತ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ. ನನ್ನ ಹತ್ತಿರ ಇದ್ದದ್ದು ಬಾಯಿ ಮಾತು ಮಾತ್ರ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ದೂರು ಕೊಡಬೇಕು ಅಷ್ಟೇ. ಎರಡನೇ ಸಲದ 3,500 ರೂಪಾಯಿಗೆ ಏನು ಕೆಲಸ ಮಾಡಿದಿರಿ ಅಂತ ಕಂಪನಿಗೆ ಮೂರು ಮೇಲ್ ಕಳಿಸಿದ್ದೇನೆ. ಇವತ್ತಿನವರೆಗೆ ಒಂದಕ್ಕೂ ಉತ್ತರ ಬಂದಿಲ್ಲ.