ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಯಾವ ಪೆಡಲ್? ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸ್ಪ್ರಿಂಟ್ ಟ್ರಯಥ್ಲಾನ್‌ಗೆ ನನ್ನ ಆಯ್ಕೆ ಚಪ್ಪಟೆ ಪೆಡಲ್, ಕಾಲಿಗೆ ಓಟದ ಶೂ. ಸೈಕ್ಲಿಂಗ್ ಶೂ ಬೇಡ, ಪೆಡಲ್‌ಗೆ ಕಚ್ಚಿಕೊಳ್ಳೋಕೆ ಆ ಶೂ ಅಡಿಗೆ ಬಿಗಿಯುವ ಕ್ಲೀಟ್ ಬೇಡ. ಇಷ್ಟು ಗೊತ್ತಾಗೋಕೆ ನನಗೆ ಎರಡು ವರ್ಷ, ನಾಲ್ಕು ರೇಸ್, 9,400 ರೂಪಾಯಿ ಬೇಕಾಯಿತು. ನಿಮ್ಮ ದುಡ್ಡಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನನಗೆ ಈಗ 43. ಮನೆ, ಕೆಲಸ ಎರಡೂ ಮೈಸೂರಲ್ಲಿ. ಸರಸ್ವತಿಪುರಂನ ಯೂನಿವರ್ಸಿಟಿ ಕೊಳದಲ್ಲಿ ಈಜು, ಕುಕ್ಕರಹಳ್ಳಿ ಕೆರೆ ಸುತ್ತ ಓಟ, ಭಾನುವಾರ ಬೆಳಗ್ಗೆ ರಿಂಗ್ ರೋಡಲ್ಲೋ ಚಾಮುಂಡಿ ಬೆಟ್ಟದಲ್ಲೋ ಸೈಕಲ್. ವರ್ಷಕ್ಕೆ ಎರಡು ಸ್ಪ್ರಿಂಟ್ ಮಾಡುತ್ತೇನೆ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ನನಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ನೀರಿಂದ ಎದ್ದು ಸೈಕಲ್ ಹತ್ತುವಾಗ, ಸೈಕಲ್ ಇಟ್ಟು ಓಡೋಕೆ ಹೊರಡುವಾಗಲೂ ಗಡಿಯಾರ ನಿಲ್ಲುವುದಿಲ್ಲ. ಮೊದಲನೆಯದನ್ನು ಟಿ1 ಅಂತೀವಿ, ಎರಡನೆಯದನ್ನು ಟಿ2. ಪೆಡಲ್ ವಿಚಾರ ನಿಂತಿರುವುದೇ ಈ ಎರಡರ ಮೇಲೆ.

ನನ್ನ ಮೊದಲ ರೇಸ್ ಬೆಂಗಳೂರಿನ ಹೊರಗೆ ನಡೆಯಿತು. ಈಜು ಕೊಳದಲ್ಲೇ ಇತ್ತು. ಸೈಕಲ್ ಜೊತೆ ಬಂದಿದ್ದ ನುಣುಪು ಪ್ಲಾಸ್ಟಿಕ್ ಪೆಡಲ್ ಮೇಲೆ ಒದ್ದೆ ಶೂ ಜಾರುತ್ತಿತ್ತು. ಹಂಪ್ ಬಂದಾಗಲೆಲ್ಲ ಕಾಲು ಎಗರಿ ಪಕ್ಕಕ್ಕೆ ಹೋಗುತ್ತಿತ್ತು. ನನ್ನನ್ನು ದಾಟಿ ಹೋದವರ ಕಾಲನ್ನೆಲ್ಲ ನೋಡಿದೆ. ಹೆಚ್ಚಿನವರದು ಪೆಡಲ್‌ಗೆ ಕಚ್ಚಿಕೊಂಡ ಶೂ. ಅದಕ್ಕೇ ಅವರು ಮುಂದೆ ಹೋಗುತ್ತಿದ್ದಾರೆ ಅಂದುಕೊಂಡೆ. ಮುಂದಿನ ತಿಂಗಳ ಸಂಬಳದಲ್ಲಿ ರೋಡ್ ಸೈಕಲ್ ಶೂ, ಮೂರು ಬೋಲ್ಟಿನ ಕ್ಲೀಟ್, ಅದಕ್ಕೆ ಹೊಂದುವ ಪೆಡಲ್ ಎಲ್ಲ ತಂದೆ. ಅದೇ ಆ 9,400.

ಹೊಸಬರಿಗೆ ಒಂದು ಮಾತು. ಇಂಥ ಪೆಡಲ್‌ಗೆ ಕಾಲು ಕಚ್ಚಿಕೊಳ್ಳುತ್ತದೆ, ಆದರೂ ಅದರ ಹೆಸರು ಕ್ಲಿಪ್‌ಲೆಸ್. ಹಿಂದೆ ಪಾದದ ತುದಿಗೆ ತಂತಿಯ ಗೂಡು, ಚರ್ಮದ ಪಟ್ಟಿ ಇರುತ್ತಿತ್ತು. ಆ ಗೂಡಿಗೆ ಕ್ಲಿಪ್ ಅನ್ನುತ್ತಿದ್ದರು. ಅದು ಹೋದದ್ದರಿಂದ ಕ್ಲಿಪ್‌ಲೆಸ್. ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟು ಕಚ್ಚಿಸುವ ಬೈಂಡಿಂಗ್ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬರ್ನಾರ್ಡ್ ಹಿನೋ 1985ರ ಟೂರ್ ದ ಫ್ರಾನ್ಸ್ ಗೆದ್ದದ್ದು ಇಂಥ ಪೆಡಲ್ ಮೇಲೆ. ಆಮೇಲೆ ರೋಡ್ ಸೈಕಲ್‌ನವರೆಲ್ಲ ಇದಕ್ಕೇ ಬಂದರು. ಅವರು ಬೆಳಗ್ಗೆ ಹತ್ತಿದರೆ ರೇಸ್ ಮುಗಿದ ಮೇಲೆ ಇಳಿಯುವವರು. ಆ ಶೂ ಹಾಕಿಕೊಂಡು ಓಡುವ ಗೋಜು ಅವರಿಗಿಲ್ಲ.

ರಸ್ತೆಯ ಮೇಲೆ ಅದು ನಿಜಕ್ಕೂ ಚೆನ್ನಾಗಿದೆ. ಗಟ್ಟಿ ಅಟ್ಟೆ, ಒತ್ತಿದ್ದೆಲ್ಲ ಪೆಡಲ್‌ಗೆ ಹೋಗುತ್ತದೆ. ಬೆಟ್ಟ ಹತ್ತುವಾಗ ಎದ್ದು ನಿಂತು ತುಳಿದರೂ ಕಾಲು ಅಲುಗುವುದಿಲ್ಲ. ಮೊದಲ ವಾರ ತುಂಬಾ ಖುಷಿಯಾಗಿದ್ದೆ.

ತೊಂದರೆ ಗೊತ್ತಾಗಿದ್ದು ಕರಾವಳಿಯ ರೇಸಲ್ಲಿ. ಅಲ್ಲಿ ಈಜು ಸಮುದ್ರದಲ್ಲಿ. ನೀರಿಂದ ಎದ್ದು ಮರಳಲ್ಲಿ ಓಡಿ ಬಂದರೆ ಗಾಳಿಮರಗಳ ಕೆಳಗೆ ಸೈಕಲ್ ನಿಲ್ಲಿಸುವ ಜಾಗ. ಹಿಂದಿನ ರಾತ್ರಿ ಮಳೆ ಬಂದು ನೆಲ ಹಸಿಯಾಗಿತ್ತು. ಪಾದ ಒರೆಸಿಕೊಂಡೆ, ಶೂ ಬಿಗಿದೆ, ಹೆಲ್ಮೆಟ್ ಹಾಕಿ ಬಕಲ್ ಹಾಕಿದೆ. ಬಕಲ್ ಹಾಕದೆ ಸೈಕಲ್ ತೆಗೆಯುವಂತಿಲ್ಲ. ಅಲ್ಲಿಂದ ಹತ್ತುವ ಗೆರೆ ಒಂದು ಅರವತ್ತು ಮೀಟರ್ ದೂರ, ಅದನ್ನು ದಾಟಿದ ಮೇಲೇ ಸೈಕಲ್ ಹತ್ತಬೇಕು. ಈ ಕ್ಲೀಟ್ ಅಟ್ಟೆಯಿಂದ ಹೊರಗೆ ಉಬ್ಬಿಕೊಂಡಿರುತ್ತದೆ. ಅದರಲ್ಲಿ ಓಡೋಕೆ ಆಗಲ್ಲ. ಹಿಮ್ಮಡಿ ಊರಿ, ಕಾಲ ತುದಿ ಎತ್ತಿ ನಡೆಯಬೇಕು. ಸೈಕಲ್ ತಳ್ಳಿಕೊಂಡು ಹಾಗೇ ನಡೆದೆ. ಸುತ್ತ ಇದ್ದವರು ಓಡುತ್ತಿದ್ದರು.

ಗೆರೆ ದಾಟಿ ಹತ್ತಿದೆ, ಒತ್ತಿದೆ. ಕಚ್ಚಲಿಲ್ಲ. ಈ ಪೆಡಲ್‌ಗೆ ಒಂದೇ ಮುಖ, ಬಿಟ್ಟರೆ ಹಿಂಭಾಗ ಕೆಳಗೆ ಮಾಡಿ ಜೋತು ಬೀಳುತ್ತದೆ. ಶೂ ತುದಿಯಿಂದ ಅದನ್ನು ತಿರುಗಿಸಿ, ಕ್ಲೀಟಿನ ಮೂತಿಯನ್ನು ಮುಂದೆ ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಬೇಕು. ತಿರುಗಿಸಿದೆ, ಒತ್ತಿದೆ. ಮತ್ತೆ ಜಾರಿತು. ಇಳಿದು ಶೂ ಎತ್ತಿ ನೋಡಿದರೆ ಕ್ಲೀಟಿನ ಮುಂದೆ ಹಸಿ ಮಣ್ಣು, ಮರಳು ಸೇರಿ ಗಟ್ಟಿಯಾಗಿ ಕೂತಿದೆ. ಕಡ್ಡಿ ಹುಡುಕಿ ಕೆರೆದೆ. ಬಲಗಾಲು ಕಚ್ಚಿತು. ಎಡಗಾಲಿನದು ಪೂರ್ತಿ ಹೋಗಿರಲಿಲ್ಲ. ಅರ್ಧ ಕಿಲೋಮೀಟರ್ ಒಂದೇ ಕಾಲಲ್ಲಿ ತುಳಿದೆ. ಇಷ್ಟಕ್ಕೆ ಒಂದೂವರೆ ನಿಮಿಷ ಹೋಗಿತ್ತು. ಎಂಟು ವಾರ ಬೆಳಗ್ಗೆ ಐದಕ್ಕೆ ಎದ್ದು ಈಜಿ, ಹಿಂದಿನ ಸಲಕ್ಕಿಂತ ಉಳಿಸಿಕೊಂಡದ್ದು 70 ಸೆಕೆಂಡ್. ಅದೆಲ್ಲ ಆ ಗೆರೆ ಹತ್ತಿರವೇ ಕರಗಿತು. ಆ ಬೇಜಾರು ಇವತ್ತಿಗೂ ಹೋಗಿಲ್ಲ.

ವಾಪಸ್ ಬಂದಾಗಲೂ ಅದೇ ಕಥೆ. ಗೆರೆಗೆ ಮೊದಲೇ ಇಳಿಯಬೇಕು, ಮತ್ತೆ ಹಿಮ್ಮಡಿಯ ಮೇಲೆ ನಡೆಯಬೇಕು, ಈ ಶೂ ಬಿಚ್ಚಿ ಆ ಶೂ ಹಾಕಬೇಕು.

ದೊಡ್ಡ ಆಟಗಾರರು ಹೀಗೆ ಮಾಡುವುದಿಲ್ಲ, ಅದು ಗೊತ್ತು. ಅವರ ಶೂ ಮೊದಲೇ ಪೆಡಲ್‌ನಲ್ಲಿ ಕಚ್ಚಿಕೊಂಡಿರುತ್ತದೆ. ಅದು ಉರುಳದ ಹಾಗೆ ಸಣ್ಣ ರಬ್ಬರ್ ಬ್ಯಾಂಡಿನಿಂದ ಫ್ರೇಮಿಗೆ ಕಟ್ಟಿರುತ್ತಾರೆ. ಬರಿಗಾಲಲ್ಲಿ ಓಡಿ, ಹಾರಿ ಕೂತು, ಶೂ ಮೇಲೆ ಪಾದ ಇಟ್ಟು ತುಳಿದು, ವೇಗ ಬಂದ ಮೇಲೆ ಒಂದೊಂದೇ ಕಾಲು ಒಳಗೆ ತೂರಿಸುತ್ತಾರೆ. ನೋಡೋಕೆ ಬಹಳ ಚಂದ. ಆದರೆ ಆ ಗೆರೆ ಅವರನ್ನೂ ಬಿಟ್ಟಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೊನಾಥನ್ ಬ್ರೌನ್ಲೀ ಗೆರೆಗೆ ಮೊದಲೇ ಸೈಕಲ್ ಹತ್ತಿದ್ದಕ್ಕೆ 15 ಸೆಕೆಂಡ್ ನಿಂತು ಹೋಗಬೇಕಾಯಿತು. ಆದರೂ ಕಂಚು ಗೆದ್ದರು. ಚಿನ್ನ ಅಣ್ಣ ಅಲಿಸ್ಟರ್‌ಗೆ ಹೋಯಿತು.

ನಾನೂ ಬಡಾವಣೆಯ ಖಾಲಿ ರಸ್ತೆಯಲ್ಲಿ ಮೂರು ಭಾನುವಾರ ಹಾರಿ ಕೂರುವುದನ್ನು ಕಲಿತೆ. ಹೆಂಡತಿ ಫೋನ್ ಹಿಡಿದು ಟೈಮ್ ನೋಡುತ್ತಿದ್ದಳು. ಮೂರನೇ ವಾರ ಒಂದು ಶೂ ನೆಲಕ್ಕೆ ತಾಗಿ ಕಳಚಿ ಹೋಯಿತು, ನಾನು ವಾಲಿ ಮೊಣಕಾಲು ತರಚಿಕೊಂಡೆ. "ರೀ, ವರ್ಷಕ್ಕೆ ಎರಡು ರೇಸಿಗೆ ಇಷ್ಟೆಲ್ಲಾ ಬೇಕಾ?" ಅಂದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ವಾರಕ್ಕೆ ನನಗೆ ಸಿಗುವುದು ಆರು ಗಂಟೆ. ಅದರಲ್ಲಿ ಒಂದು ಗಂಟೆ ಹಾರಿ ಕೂರೋಕೆ ಕೊಟ್ಟರೆ ಅಷ್ಟು ಈಜು ಕಮ್ಮಿ.

ಇನ್ನೊಂದು ದಾರಿ ಎಸ್‌ಪಿಡಿ, ಅಂದರೆ ಎರಡು ಬೋಲ್ಟಿನ ಕ್ಲೀಟ್‌ಗೆ ಹೊಂದುವ ಪೆಡಲ್. ಇದು ಶಿಮಾನೊ ಕಂಪನಿ ಗುಡ್ಡಗಾಡಿನ ಸೈಕಲ್‌ಗೆ ಮಾಡಿದ್ದು. ಗೆಳೆಯರೊಬ್ಬರ ಪೆಡಲ್, ಶೂ ಎರಡನ್ನೂ ಎರಡು ತಿಂಗಳಿಗೆ ಇಸಕೊಂಡು ಬಂದೆ. ನಮ್ಮಿಬ್ಬರದೂ ಒಂದೇ ಸೈಜು. ಕ್ಲೀಟ್ ಚಿಕ್ಕದು, ಲೋಹದ್ದು, ಅಟ್ಟೆಯ ಒಳಗೆ ಅಡಗಿ ಕೂತಿರುತ್ತದೆ. ಆರಾಮಾಗಿ ನಡೆಯಬಹುದು, ನಿಧಾನಕ್ಕೆ ಓಡಲೂಬಹುದು. ಪೆಡಲ್‌ಗೆ ಎರಡು ಮುಖ, ಹೇಗೆ ಒತ್ತಿದರೂ ಕಚ್ಚುತ್ತದೆ. ಕೆಸರಿಗೂ ಅಷ್ಟು ಬೇಗ ಹಟ ಮಾಡಲ್ಲ. ಮೂರನೇ ರೇಸ್ ಇದರಲ್ಲೇ ಮಾಡಿದೆ, ಏನೂ ತೊಂದರೆ ಆಗಲಿಲ್ಲ. ಕಚ್ಚುವ ಪೆಡಲ್ಲೇ ಬೇಕು ಅನ್ನುವವರು ಕಣ್ಣು ಮುಚ್ಚಿ ಇದನ್ನು ತಗೊಳ್ಳಿ. ನನಗೆ ಮಾತ್ರ ಶೂ ಬದಲಿಸುವ ಕೆಲಸ ಹಾಗೇ ಉಳಿಯಿತು, ಖರ್ಚೂ ರೋಡ್ ಶೂಗಿಂತ ಹೆಚ್ಚೇನೂ ಕಮ್ಮಿ ಆಗಲ್ಲ.

ಚಪ್ಪಟೆ ಪೆಡಲ್‌ಗೆ ಪಟ್ಟಿ ಕಟ್ಟಿಯೂ ನೋಡಿದೆ. ಒದ್ದೆ ಶೂ ತೂರಿಸುವುದೇ ಕಷ್ಟ, ಎರಡನೇ ದಿನ ಬಿಚ್ಚಿಟ್ಟೆ.

ಈಗ ನನ್ನ ಪೆಡಲ್. ಅಗಲದ ನೈಲಾನ್ ಪೆಡಲ್, ಎರಡೂ ಕಡೆ ಸಣ್ಣ ಸಣ್ಣ ಲೋಹದ ಮೊಳೆ. 1,100 ರೂಪಾಯಿ. ಮೊದಲ ರೇಸಲ್ಲಿ ಕಾಲು ಜಾರಿದ್ದಕ್ಕೆ ಕಾರಣ ಚಪ್ಪಟೆ ಪೆಡಲ್ ಅಲ್ಲ, ಮೊಳೆ ಇಲ್ಲದ ಚಪ್ಪಟೆ ಪೆಡಲ್. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮೊಳೆ ರಬ್ಬರಿಗೆ ಕಚ್ಚಿದರೆ ಹಂಪ್ ಮೇಲೂ ಶೂ ಅಲುಗಲ್ಲ. ಶೂಗೆ ಸಾದಾ ಲೇಸ್ ತೆಗೆದು ಎಲಾಸ್ಟಿಕ್ ಲೇಸ್ ಹಾಕಿದೆ, ಕಟ್ಟುವ ಕೆಲಸವೇ ಇಲ್ಲ. ಒಳಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಹಿಮ್ಮಡಿ ಜಾಗಕ್ಕೆ ವ್ಯಾಸಲೀನ್ ಸವರಿಟ್ಟರೆ ಒದ್ದೆ ಪಾದ ಸರಕ್ಕನೆ ಒಳಗೆ ಹೋಗುತ್ತದೆ. ಸಾಕ್ಸ್ ಇಲ್ಲದೆ 5 ಕಿ.ಮೀ. ಓಡಬಹುದು. ಆದರೆ ಮನೆಯಲ್ಲಿ ನಾಲ್ಕೈದು ಸಲ ಓಡಿ ನೋಡದೆ ರೇಸ್ ದಿನವೇ ಹೊಸದಾಗಿ ಮಾಡಬೇಡಿ, ಬೊಬ್ಬೆ ಏಳುತ್ತದೆ.

ಟಿ2 ಅಂತೂ ಎಷ್ಟು ಹಗುರ ಅಂದರೆ, ಸೈಕಲ್ ತೂಗು ಹಾಕು, ಹೆಲ್ಮೆಟ್ ತೆಗೆ, ಓಡು. ಅಷ್ಟೇ. ಕರಾವಳಿಯಲ್ಲಿ ನನ್ನನ್ನು ಹಿಂದೆ ಹಾಕಿದ್ದ ಅದೇ ಜಾಗದಲ್ಲಿ ಮುಂದಿನ ವರ್ಷ ನಾನು ಐದಾರು ಜನರನ್ನು ದಾಟಿ ಹೊರಗೆ ಬಂದೆ. ಅವರು ಕೂತು ಶೂ ಬಿಚ್ಚುತ್ತಿದ್ದರು.

ಕುಂದುಗಳೂ ಇವೆ. ಓಟದ ಶೂ ಮೆತ್ತಗೆ, ಒತ್ತಿದ ಬಲ ಸ್ವಲ್ಪ ಸ್ಪಂಜಿಗೇ ಹೋಗುತ್ತದೆ. ಹದಿನೈದು ಕಿಲೋಮೀಟರ್ ಆದ ಮೇಲೆ ಪಾದದ ಮಧ್ಯೆ ಸಣ್ಣ ನೋವು ಬರುತ್ತದೆ. ಸೈಕಲ್ ತಳ್ಳುವಾಗ ಮೊಳೆ ಮೊಣಕಾಲ ಕೆಳಗೆ ಬಡಿದರೆ ಚೆನ್ನಾಗಿ ಗೀರುತ್ತದೆ, ನನ್ನ ಎಡಗಾಲಲ್ಲಿ ಎರಡು ಗುರುತಿದೆ.

ಸುಮ್ನೆ ಅನಿಸಿಕೆ ಆಗಬಾರದು ಅಂತ ಲೆಕ್ಕ ಇಟ್ಟೆ. ಅದೇ ಸೈಕಲ್, ಅದೇ ರಿಂಗ್ ರೋಡ್, ಬೆಳಗ್ಗೆ ಐದೂವರೆ, 20 ಕಿ.ಮೀ., ಒಂದೊಂದರಲ್ಲಿ ಎರಡೆರಡು ಸಲ. ಚೆನ್ನಾಗಿ ಬಂದ ಟೈಮ್ ಹೀಗಿದೆ. ರೋಡ್ ಕ್ಲೀಟ್ 41 ನಿಮಿಷ 50 ಸೆಕೆಂಡ್. ಎಸ್‌ಪಿಡಿ 42 ನಿಮಿಷ 5. ಚಪ್ಪಟೆ 42 ನಿಮಿಷ 50. ಅಂದರೆ ರಸ್ತೆಯ ಮೇಲೆ ನನ್ನ ಪೆಡಲ್ ಪೂರ್ತಿ ಒಂದು ನಿಮಿಷ ಹಿಂದೆ. ಇದನ್ನು ಮುಚ್ಚಿಡಲ್ಲ.

ಆಮೇಲೆ ಮನೆ ಮುಂದೆ ಟಿ1, ಟಿ2 ಅಭ್ಯಾಸ. ಬಕೆಟ್ ನೀರಲ್ಲಿ ಕಾಲು ಅದ್ದಿ ಶುರು, ಗೆರೆಗೆ ಅರವತ್ತು ಹೆಜ್ಜೆ, ಹೆಂಡತಿಯ ಕೈಯಲ್ಲಿ ಫೋನ್. ಎರಡೂ ಸೇರಿ ರೋಡ್ ಕ್ಲೀಟ್‌ಗೆ 3 ನಿಮಿಷ 10 ಸೆಕೆಂಡ್, ಎಸ್‌ಪಿಡಿಗೆ 2 ನಿಮಿಷ 40, ಚಪ್ಪಟೆಗೆ 1 ನಿಮಿಷ 35. ಕೂಡಿಸಿದರೆ ರೋಡ್ ಕ್ಲೀಟ್ 45 ನಿಮಿಷ, ಎಸ್‌ಪಿಡಿ 44:45, ಚಪ್ಪಟೆ 44:25. ಅದೂ ಒಣ ನೆಲದ ಲೆಕ್ಕ, ಕ್ಲೀಟ್‌ಗೆ ಮಣ್ಣು ಹತ್ತಿದ್ದರ ಲೆಕ್ಕ ಇದರಲ್ಲಿಲ್ಲ.

ಶೂ ಬದಲಿಸುವ ಹೊತ್ತು ರೇಸ್ ಎಷ್ಟೇ ಉದ್ದ ಇದ್ದರೂ ಅಷ್ಟೇ. ಪೆಡಲ್‌ನಿಂದ ಆಗುವ ನಷ್ಟ ಮಾತ್ರ ಕಿಲೋಮೀಟರ್ ಜೊತೆ ಬೆಳೆಯುತ್ತದೆ. ಒಲಿಂಪಿಕ್ ದೂರ ಅಂದರೆ 40 ಕಿ.ಮೀ. ಸೈಕಲ್, ಅಲ್ಲಿಗೆ ನನ್ನ ಲೆಕ್ಕ ತಲೆಕೆಳಗಾಗುತ್ತದೆ. 2019ರಿಂದ ಗೋವಾದಲ್ಲಿ ಐರನ್‌ಮ್ಯಾನ್ 70.3 ಅನ್ನುವ ಇನ್ನೂ ಉದ್ದದ ಟ್ರಯಥ್ಲಾನ್ ನಡೆಯುತ್ತಿದೆ, ಅಲ್ಲಿ 90 ಕಿ.ಮೀ. ತುಳಿಯಬೇಕು. ಅದಕ್ಕೆ ಹೋಗುವವರು ನನ್ನ ಮಾತು ಕೇಳಬೇಡಿ, ಕ್ಲೀಟೇ ಸರಿ. ಹಾರಿ ಕೂರುವುದನ್ನು ಸರಿಯಾಗಿ ಕಲಿತ ಹುಡುಗರಿಗೂ ಅಷ್ಟೇ.

ನನ್ನದು ಬೇರೆ ಬದುಕು. ಇದೇ ಸೈಕಲಲ್ಲಿ ಕೆಲಸಕ್ಕೆ ಹೋಗುತ್ತೇನೆ, ಬರುವಾಗ ತರಕಾರಿ ತರುತ್ತೇನೆ. ಚಪ್ಪಲಿ ಹಾಕಿಕೊಂಡೂ ತುಳಿಯಬಹುದಾದ ಪೆಡಲ್ ಬೇಕು. ಸೈಕಲ್‌ಗೆ ಅಂತ ವರ್ಷಕ್ಕೆ ಐದಾರು ಸಾವಿರಕ್ಕಿಂತ ಜಾಸ್ತಿ ಎತ್ತಿಡೋಕೆ ಆಗಲ್ಲ. ಆ 9,400ರಲ್ಲಿ ಎರಡು ಜೊತೆ ಒಳ್ಳೆ ಓಟದ ಶೂ ಬರುತ್ತಿತ್ತು, ಅಲ್ವಾ? ರೋಡ್ ಶೂ, ಪೆಡಲ್ ಎರಡನ್ನೂ ನಮ್ಮ ಗುಂಪಿನಲ್ಲಿ ಗೋವಾಗೆ ತಯಾರಾಗುತ್ತಿರುವ ಹುಡುಗನಿಗೆ 4,000ಕ್ಕೆ ಕೊಟ್ಟೆ. ಅವನ ಕಾಲಲ್ಲಿ ಅವು ಚೆನ್ನಾಗಿ ಓಡುತ್ತಿವೆ.

ಚಪ್ಪಟೆ ಪೆಡಲ್ ತಗೊಳ್ಳುವವರು ಮೊಳೆ ಬಿಚ್ಚಿ ಬದಲಿಸುವಂಥದ್ದನ್ನೇ ಕೇಳಿ, ಸವೆದರೆ ಹೊಸ ಮೊಳೆ ಸಾಕು. ಹಾಕುವಾಗ ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ. ಎಡಗಡೆ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ. ಅದು ಗೊತ್ತಿಲ್ಲದೆ ಸ್ಪ್ಯಾನರ್ ಮೇಲೆ ನಿಂತು ಒತ್ತಿದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕೇ ಹಾಳಾಗುತ್ತದೆ.